ನಕ್ಕವರೇ ಅತ್ತ ಚಿತ್ರ

ಚಲಚ್ಚಿತ್ರವನ್ನು ನೋಡಿ ಹೊರಬರುವ ಜನರ ಬಾಯಲ್ಲಿ ಒಂದು ಆಕ್ಷೇಪಣೆಯನ್ನು ನಾವು ಆಗಾಗ ಕೇಳುತ್ತಿರುವೆವು. “ನಗಿಸುವ ಚಿತ್ರವೆಂದು ಹೋದೆವು; ಅರ್ಧದಿಂದ ಮುಂದೆ ಅಳಿಸಿ ಕಳುಹಿಸಿದರು” ಎಂಬುದೇ ಆ ಆಕ್ಷೇಪಣೆ. ನಗೆಗೆಂದು ಹಣ ತೆತ್ತವನ ಕೈಗೆ ಕಣ್ಣೀರನ್ನು ಕೊಡುವುದು ಒಂದು ಬಗೆಯ ವಂಚನೆಯೆಂದು ಅವರ ಎಣಿಕೆ. ಇದು ಸುಮ್ಮನೆ ತಳ್ಳಿಹಾಕತಕ್ಕ ಮಾತಲ್ಲ. ಹಾಸ್ಯದಿಂದ ಶೋಕಕ್ಕೆ ತಿರುಗುವ ಚಿತ್ರಗಳಲ್ಲಿ ಬಹುಪಾಲು ಆ ತಿರುವಿನಲ್ಲಿಯೇ ಎಡವಿ ಬೀಳುವುದನ್ನು ನಾವೆಲ್ಲರೂ ಕಂಡಿರುವೆವು. ಆದರೆ ಆ ತಿರುವನ್ನು ಎಡವದೆ ದಾಟಿ, ನೂರು ವರ್ಷಗಳ ಮೇಲೆಯೂ ನಿಂತಿರುವ ಕೃತಿಯೊಂದುಂಟು. ಅದು 1921ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, ಚಾರ್ಲಿ ಚಾಪ್ಲಿನ್ನರ ‘ದಿ ಕಿಡ್’ ಎಂಬ ಆರು ರೀಲುಗಳ ಮೂಕಚಿತ್ರ. ನಗೆಯೂ ಅಳುವೂ ಒಂದೇ ಚಿತ್ರದಲ್ಲಿ ಹೇಗೆ ಬಾಳಬಲ್ಲುವು, ಹಾಗೆ ಬಾಳಿದಾಗ ನೋಡುವವನ ಮೇಲೆ ಯಾವ ಹೊಣೆ ಬೀಳುವುದು ಎಂಬುದನ್ನು ಈ ಚಿತ್ರವನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಿಸೋಣ.

ಮೊದಲು ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಹೇಳುವುದು ನ್ಯಾಯ. ನಮ್ಮ ಅಲಂಕಾರಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿರುವರು. ವಿಶ್ವನಾಥನ ‘ಸಾಹಿತ್ಯದರ್ಪಣ’ವು ರಸಗಳ ಪರಸ್ಪರ ವಿರೋಧವನ್ನು ಎಣಿಸುವ ಸ್ಥಳದಲ್ಲಿ ಹಾಸ್ಯಕ್ಕೆ ಭಯಾನಕವನ್ನೂ ಕರುಣವನ್ನೂ ವೈರಿಗಳೆಂದು ಹೇಳುತ್ತದೆ. ಅಳುವವನ ಮುಂದೆ ನಗುವುದು ಅನೌಚಿತ್ಯವೆಂಬುದನ್ನು ಅರಿಯಲು ಶಾಸ್ತ್ರವಾದರೂ ಏಕೆ ಬೇಕು? ಪಾಶ್ಚಾತ್ಯರ ಅಭಿಪ್ರಾಯವೂ ಅಂದು ಇದಕ್ಕಿಂತ ಬೇರೆಯಾಗಿರಲಿಲ್ಲ. ಚಾಪ್ಲಿನ್ನರು 1964ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಒಂದು ಸಂವಾದವನ್ನು ನೆನೆದಿರುವರು. ಗವರ್ನೂರ್ ಮಾರಿಸ್ ಎಂಬ ಅಮೆರಿಕದ ಲೇಖಕರು ಈ ಚಿತ್ರದ ಸಂಗತಿಯನ್ನು ಕೇಳಿ, ಇದು ಸಾಗತಕ್ಕದ್ದಲ್ಲವೆಂದೂ, ಕೃತಿಯ ಜಾತಿ ಶುದ್ಧವಾಗಿರಬೇಕೆಂದೂ, ಹಾಸ್ಯವನ್ನೂ ಗಂಭೀರ ನಾಟಕವನ್ನೂ ಬೆರಸಿದರೆ ಎರಡರಲ್ಲಿ ಒಂದು ಕೆಡುವುದೆಂದೂ ಎಚ್ಚರಿಸಿದರಂತೆ. ಅದು ಭಾವನೆಗೂ, ದೃಶ್ಯಗಳನ್ನು ಜೋಡಿಸುವ ವಿವೇಕಕ್ಕೂ ಸೇರಿದ ಸಂಗತಿಯೆಂದು ಚಾಪ್ಲಿನ್ನರು ಉತ್ತರ ಕೊಟ್ಟರು. ಆ ವಿವೇಕವು ಎಂಥದೆಂಬುದನ್ನು ತಿಳಿಯಬೇಕಾದರೆ ಚಿತ್ರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಗತಿಯಿಲ್ಲದ ಒಬ್ಬ ತಾಯಿ ಧರ್ಮಾಸ್ಪತ್ರೆಯಿಂದ ಹಸುಗೂಸಿನೊಡನೆ ಹೊರಬರುವಳು. ಸಿರಿವಂತರ ಮನೆಯ ಮುಂದೆ ನಿಂತ ಮೋಟಾರಿನಲ್ಲಿ, ಈ ಅನಾಥ ಶಿಶುವನ್ನು ಪ್ರೀತಿಯಿಂದ ಸಾಕಿರೆಂಬ ಚೀಟಿಯೊಡನೆ ಕೂಸನ್ನಿಟ್ಟು ಹೋಗುವಳು. ಕಳ್ಳರು ಆ ಮೋಟಾರನ್ನೇ ಕದಿಯುವರು. ಒಳಗೆ ಕೂಸಿರುವುದನ್ನು ಕಂಡು ಬಡವರ ಕೇರಿಯ ಸಂದಿಯಲ್ಲಿ ಕಸದ ಪಕ್ಕಕ್ಕೆ ಇಳಿಸಿ ಹೋಗುವರು. ಮುರುಕು ಬೂಟು, ಹರಿದ ಕೈಚೀಲ, ಕೈಯಲ್ಲಿ ಬೆತ್ತದೊಡನೆ ಬೆಳಗಿನ ಗಾಳಿ ಸೇವನೆಗೆ ಹೊರಟ ಅಲೆಮಾರಿಯ ಕಾಲಿಗೆ ಅದು ಸಿಕ್ಕುವುದು. ಆ ಅಲೆಮಾರಿಯೇ ಚಾಪ್ಲಿನ್ನರು.

ಕೂಸನ್ನು ಕಂಡೊಡನೆ ಅವನ ಹೃದಯ ಕರಗಿತೆಂದು ತಿಳಿಯಬೇಡಿರಿ. ಅದನ್ನು ಹೇಗಾದರೂ ಸಾಗಹಾಕುವುದೇ ಅವನ ಮೊದಲ ಯೋಚನೆ. ದಾರಿಹೋಕಳೊಬ್ಬಳ ಮಕ್ಕಳ ಗಾಡಿಯಲ್ಲಿಡಲು ಹೋಗಿ ಏಟು ತಿನ್ನುವನು. ಒಬ್ಬ ಮುದುಕನ ಕೈಗೆ ಕೊಟ್ಟು ಓಡಿದರೆ, ಮುದುಕನೂ ಅದೇ ಗಾಡಿಯಲ್ಲಿಟ್ಟು ಓಡುವನು; ಆ ಏಟೂ ಅಲೆಮಾರಿಗೇ ಬೀಳುವುದು. ಕೊನೆಗೆ ಬೀದಿಯ ಅಂಚಿನಲ್ಲಿ ಕುಳಿತು, ಚರಂಡಿಯ ಮುಚ್ಚಳವನ್ನು ಎತ್ತಿ ಒಂದು ಕ್ಷಣ ಒಳಗೆ ನೋಡುವನು. ನೋಡುವವರು ನಗುವರು. ಮುಚ್ಚಳ ಮತ್ತೆ ಬೀಳುವುದು. ಚೀಟಿ ಕೈಗೆ ಸಿಕ್ಕುವುದು. ಕೂಸು ಅವನ ಮನೆ ಸೇರುವುದು. ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಆ ಒಂದು ಕ್ಷಣದ ನಗೆಯ ಅಡಿಯಲ್ಲಿ ಒಂದು ಶಿಶುವಿನ ಪ್ರಾಣವಿದ್ದಿತು. ಶೋಕವು ಈ ಚಿತ್ರಕ್ಕೆ ಆಮೇಲೆ ಬಂದ ಅತಿಥಿಯಲ್ಲ. ಮೊದಲಿನಿಂದಲೂ ಮನೆಯೊಳಗೇ ಇದ್ದುದು.

ಮುಂದಿನದು ಆ ಮನೆಯ ಸಂಸಾರ. ಮಾಳಿಗೆಯ ಮೇಲಿನ ಒಂದು ಮುರುಕು ಕೋಣೆ. ಕೂಸಿಗೆ ಬಟ್ಟೆಯ ಜೋಲಿ. ಹಾಲು ಕುಡಿಯಲು, ಮೇಲಿನಿಂದ ನೇತುಹಾಕಿದ ಕಾಫಿಯ ಹೂಜಿಯ ಕೊಕ್ಕಿಗೆ ಸಿಕ್ಕಿಸಿದ ರಬ್ಬರಿನ ತೊಟ್ಟು. ಮುಂದಾಲೋಚನೆಯಿಂದ ನಡುವೆ ತೂತು ಕೊರೆದ ಕುರ್ಚಿ. ಐದು ವರ್ಷಗಳು ಕಳೆಯುವುವು. ಹುಡುಗನು ಒಲೆಯ ಮುಂದೆ ನಿಂತು ದೋಸೆಯಂಥ ಹಿಟ್ಟಿನ ರೊಟ್ಟಿಗಳನ್ನು ಮಾಡುತ್ತಿರುವನು. ಸಾಕುತಂದೆ ಹಾಸಿಗೆಯಲ್ಲಿಯೇ ಪತ್ರಿಕೆ ಓದುತ್ತಿರುವನು. ಏಳೆಂದು ಗದರಿಸಿದ ಮೇಲೆ, ಹೊದಿಕೆಯ ಹರುಕಿನಲ್ಲಿ ತಲೆ ತೂರಿಸಿ, ಅದನ್ನೇ ನಿಲುವಂಗಿಯಾಗಿ ಮಾಡಿಕೊಂಡು, ದೊರೆಯ ಠೀವಿಯಿಂದ ಊಟಕ್ಕೆ ಬರುವನು. ರೊಟ್ಟಿಗಳನ್ನು ಎಣಿಸಿ ಇಬ್ಬರಿಗೂ ಸಮನಾಗಿ ಹಂಚುವನು.

ಜೀವನೋಪಾಯವೂ ವಿಚಿತ್ರವಾದುದೇ. ಹುಡುಗನು ಮುಂದೆ ಹೋಗಿ ಕಲ್ಲೆಸೆದು ಕಿಟಕಿಯ ಗಾಜನ್ನು ಒಡೆಯುವನು. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಗಾಜು ಹೊತ್ತ ಸಾಕುತಂದೆ ಅದೇ ಬೀದಿಗೆ ಬಂದು, ಒಡೆದ ಕಿಟಕಿಗೆ ಹೊಸ ಗಾಜು ಹಾಕಿ ಕೂಲಿ ಪಡೆಯುವನು. ಒಮ್ಮೆ ಕಲ್ಲೆಸೆಯಲು ಹಿಂದಕ್ಕೆ ಚಾಚಿದ ಹುಡುಗನ ಕೈ, ಹಿಂದೆ ಬಂದು ನಿಂತ ಪೋಲೀಸಿನವನ ಅಂಗಿಗೆ ತಗಲುವುದು. ಹುಡುಗನು ತಿರುಗಿ ನೋಡಿ, ಏನೂ ಅರಿಯದವನಂತೆ ಆ ಕಲ್ಲನ್ನು ಮೇಲಕ್ಕೆ ಚಿಮ್ಮಿ ಆಡುವ ಆಟವನ್ನು ಕಂಡು ನಗದವರು ವಿರಳ. ಇಷ್ಟರವರೆಗೆ ಚಿತ್ರವು ಶುದ್ಧ ಪ್ರಹಸನ.

ಈಗ ತಿರುವು. ಹುಡುಗನು ಕಾಯಿಲೆ ಬೀಳುವನು, ವೈದ್ಯನು ಬರುವನು. ನೀನು ಇವನ ತಂದೆಯೇ ಎಂದು ಕೇಳಿದುದಕ್ಕೆ ಅಲೆಮಾರಿಯು, ಹೆಚ್ಚುಕಡಮೆ ಹಾಗೆಯೇ ಎಂಬರ್ಥದ ಉತ್ತರ ಕೊಟ್ಟು, ಐದು ವರ್ಷ ಜೋಪಾನಮಾಡಿದ ಚೀಟಿಯನ್ನು ತೋರಿಸುವನು. ಹುಡುಗನಿಗೆ ಸರಿಯಾದ ಆರೈಕೆ ಬೇಕು, ಅದು ದೊರೆಯುವಂತೆ ತಾನು ಮಾಡುವೆನೆಂದು ವೈದ್ಯನು ಹೇಳಿ ಹೋಗುವನು. ಹುಡುಗನು ಚೇತರಿಸಿಕೊಳ್ಳುವನು. ಆಮೇಲೆ ಆ ‘ಸರಿಯಾದ ಆರೈಕೆ’ಯು ಅನಾಥಾಲಯದ ಮೋಟಾರು ಬಂಡಿಯ ರೂಪದಲ್ಲಿ ಬಾಗಿಲಿಗೆ ಬಂದು ನಿಲ್ಲುವುದು.

ಈ ದೃಶ್ಯದಲ್ಲಿ ಬರುವ ಅಧಿಕಾರಿಯ ನಡೆಯನ್ನು, ಅಧಿಕಾರದಲ್ಲಿರುವ ನಮ್ಮ ವಾಚಕರು ವಿಶೇಷವಾಗಿ ನೋಡತಕ್ಕದ್ದಾಗಿದೆ. ಅವನು ಕ್ರೂರಿಯಲ್ಲ, ಲಂಚಕೋರನೂ ಅಲ್ಲ, ಅಲೆಮಾರಿಯನ್ನು ಬೈಯುವುದೂ ಇಲ್ಲ. ಅವನೊಡನೆ ಮಾತನ್ನೇ ಆಡುವುದಿಲ್ಲ, ಅಷ್ಟೆ. ಎರಡು ಮಾರು ದೂರದಲ್ಲಿ ಎದುರಿಗೇ ನಿಂತಿರುವ ಮನುಷ್ಯನನ್ನು ಏನಾದರೂ ಕೇಳಬೇಕಾದರೆ ತನ್ನ ಕೈಕೆಳಗಿನವನ ಕಡೆಗೆ ತಿರುಗಿ, “ಅವನನ್ನು ಕೇಳು” ಎನ್ನುವ ರೀತಿಯಲ್ಲಿ ಅಪ್ಪಣೆಮಾಡುವನು. ಕೈಕೆಳಗಿನವನು ಆ ಪ್ರಶ್ನೆಯನ್ನು ಅಲೆಮಾರಿಗೆ ಒಪ್ಪಿಸುವನು. ಒಂದೇ ಕೋಣೆಯಲ್ಲಿ ಮೂವರು ನಿಂತು ನಡೆಸುವ ಈ ದರಬಾರನ್ನು ಕಂಡು ನಾವು ನಗುವೆವು. ನಗುತ್ತಿರುವಂತೆಯೇ ಆ ಅಧಿಕಾರಿಯು ಹುಡುಗನನ್ನು ಒಯ್ಯಲು ಅಪ್ಪಣೆ ಕೊಡುವನು. ಯಾವನೊಡನೆ ಮಾತನಾಡುವುದು ತನ್ನ ಪದವಿಗೆ ಕುಂದೆಂದು ತಿಳಿದಿರುವನೋ ಅವನಿಂದ ಮಗುವನ್ನು ಕಿತ್ತುಕೊಳ್ಳುವಾಗ, ಆ ಪದವಿಗೆ ಯಾವ ಕುಂದೂ ಬಾರದು! ಹಾಸ್ಯವು ಎಲ್ಲಿ ಮುಗಿಯಿತು, ಶೋಕವು ಎಲ್ಲಿ ಮೊದಲಾಯಿತು ಎಂದು ಬೊಟ್ಟಿಟ್ಟು ತೋರಿಸಬಲ್ಲವರು ಯಾರು?

ಹೊಡೆದಾಟವಾಗುವುದು. ಐದು ವರ್ಷದ ಹುಡುಗನು ಸುತ್ತಿಗೆ ಹಿಡಿದು ಸಾಕುತಂದೆಯ ಪರವಾಗಿ ಕಾದುವನು. ಪೋಲೀಸಿನವನು ಬಂದ ಮೇಲೆ ಅವರ ಬಲ ಸಾಲದಾಗುವುದು. ಹುಡುಗನನ್ನು ಬಂಡಿಯ ಹಿಂಭಾಗಕ್ಕೆ ಎತ್ತಿಹಾಕುವರು. ಅಲ್ಲಿ ಅವನು ಎರಡು ಕೈಗಳನ್ನೂ ಚಾಚಿ ಬೇಡುತ್ತಾ ಅಳುವ ಮುಖವನ್ನು ಕಂಡವರು ಮರೆಯಲಾರರು. ಮೂಕಚಿತ್ರವಾದುದರಿಂದ ಅಳುವಿನ ದನಿ ಕೇಳಿಸದು. ಕೇಳಿಸದಿರುವುದರಿಂದಲೇ ಅದು ಎದೆಯಲ್ಲಿ ಹೆಚ್ಚಾಗಿ ನಿಲ್ಲುವುದು. ಅಲೆಮಾರಿಯು ಮಾಡುಗಳ ಮೇಲೆ ಓಡಿ, ಬಂಡಿಗೆ ಅಡ್ಡಲಾಗಿ ಬಂದು, ಮೇಲಿನಿಂದ ಅದರೊಳಕ್ಕೆ ಧುಮುಕಿ, ಕಾವಲಿದ್ದವನನ್ನು ತಳ್ಳಿ, ಹುಡುಗನನ್ನು ಅಪ್ಪಿಕೊಂಡು ಮುತ್ತಿಡುವನು. ಇದಾದ ಮರುಗಳಿಗೆಯಲ್ಲಿಯೇ, ಹೆದರಿ ಓಡುತ್ತಿರುವ ಬಂಡಿ ಹೊಡೆಯುವವನನ್ನು ಹುಸಿಯಾಗಿ ಅಟ್ಟಿಸಿ ಮತ್ತೆ ನಮ್ಮನ್ನು ನಗಿಸುವನು. ಕಣ್ಣೀರು ಕೆನ್ನೆಯ ಮೇಲಿರುವಾಗಲೇ ನಗೆ ಬಂದಿತು, ಎರಡಕ್ಕೂ ಜಗಳವಾಗಲಿಲ್ಲ.

ಏಕೆ ಜಗಳವಾಗಲಿಲ್ಲ? ಇದೇ ಮುಖ್ಯ ಪ್ರಶ್ನೆ. ನಮ್ಮ ಉತ್ತರವಿಷ್ಟು: ಈ ಚಿತ್ರದಲ್ಲಿ ನಗೆಗೂ ಅಳುವಿಗೂ ಕಾರಣವಾದ ವಸ್ತು ಒಂದೇ. ಅದು ಬಡತನ. ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ವಿಭಾವವು ಒಂದು, ರಸಗಳು ಎರಡು. ವಿಕೃತವಾದ ವೇಷವು ಹಾಸ್ಯಕ್ಕೆ ವಿಭಾವವೆಂದು ಭರತಮುನಿಯೇ ಹೇಳಿರುವನು. ಅಲೆಮಾರಿಯ ಹರುಕು ವೇಷವನ್ನು ಕಂಡು ನಾವು ನಕ್ಕೆವು. ಆದರೆ ಅದು ನಾಟಕಕ್ಕೆಂದು ಧರಿಸಿದ ವಿಕಾರವಲ್ಲ, ಅವನಿಗೆ ಬೇರೆ ಬಟ್ಟೆಯಿಲ್ಲ ಎಂಬುದು ಮನಸ್ಸಿಗೆ ತಟ್ಟಿದಾಗ ಅದೇ ವೇಷ ಕರುಣಕ್ಕೆ ವಿಭಾವವಾಗುವುದು. ತೂಗುವ ಹೂಜಿ, ತೂತಿನ ಕುರ್ಚಿ, ಹರುಕು ಹೊದಿಕೆ ಇವು ಮೊದಲು ನಮ್ಮ ನಗೆಯ ಸಾಮಗ್ರಿಗಳಾಗಿದ್ದುವು. ವೈದ್ಯನ ಕಣ್ಣಿಗೂ ಅಧಿಕಾರಿಯ ಕಣ್ಣಿಗೂ ಅವೇ ವಸ್ತುಗಳು, ಈ ಮನುಷ್ಯನು ಮಗುವನ್ನು ಸಾಕಲು ಯೋಗ್ಯನಲ್ಲವೆಂಬುದಕ್ಕೆ ಸಾಕ್ಷಿಗಳಾದುವು. ಕೋಣೆ ಬದಲಾಗಲಿಲ್ಲ, ಮನುಷ್ಯನು ಬದಲಾಗಲಿಲ್ಲ. ನೋಡುವ ಕಣ್ಣು ಮಾತ್ರ ಬದಲಾಯಿತು. ಆದುದರಿಂದಲೇ ತಿರುವಿನಲ್ಲಿ ಕುಲುಕಾಟವಿಲ್ಲ.

ಕೆಟ್ಟ ಚಿತ್ರಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಅಲ್ಲಿ ನಗೆಯ ಕಾರಣವೊಂದು, ಶೋಕದ ಕಾರಣ ಮತ್ತೊಂದು. ಮೊದಲರ್ಧದಲ್ಲಿ ಪ್ರೇಮದ ಚೇಷ್ಟೆ, ಕೊನೆಯಲ್ಲಿ ಎಲ್ಲಿಂದಲೋ ಬಂದ ಅಪಘಾತ ಅಥವಾ ಕ್ಷಯರೋಗ. ನಮ್ಮ ಕಂಪನಿ ನಾಟಕಗಳಲ್ಲಿ ಹರಿಶ್ಚಂದ್ರನು ಸ್ಮಶಾನದಲ್ಲಿ ಪಡುವ ಪಾಡಿಗೂ ನಡುನಡುವೆ ಬರುವ ಹಾಸ್ಯಗಾರನ ಪ್ರಸಂಗಕ್ಕೂ ಹಲವು ವೇಳೆ ಸಂಬಂಧವಿರುತ್ತಿರಲಿಲ್ಲ. ಪರದೆಯೊಂದೇ ಅವೆರಡನ್ನೂ ಬೇರ್ಪಡಿಸುತ್ತಿತ್ತು. ಅದು ಪ್ರೇಕ್ಷಕರಿಗೆ ವಿರಾಮವೇ ಹೊರತು ರಸಗಳ ಕೂಟವಲ್ಲ. ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನನು, ವಿರೋಧಿ ರಸಗಳಾದರೂ ಒಂದು ಪ್ರಧಾನವಾಗಿ ಮತ್ತೊಂದು ಅದಕ್ಕೆ ಅಂಗವಾದರೆ ದೋಷವಿಲ್ಲವೆಂದು ವಿವರಿಸಿರುವನು. ‘ದಿ ಕಿಡ್’ನಲ್ಲಿ ಹಾಸ್ಯವು ಕರುಣಕ್ಕೆ ಅಂಗವಾಗಿರುವುದು. ನಾವು ಆ ತಂದೆಮಕ್ಕಳೊಡನೆ ನಕ್ಕು ಅವರ ಮನೆಯವರೇ ಆಗಿಬಿಟ್ಟಿರುವೆವು. ಆದಕಾರಣ ಬಂಡಿ ಬಂದು ಬಾಗಿಲಲ್ಲಿ ನಿಂತಾಗ ಅದು ನಮ್ಮ ಬಾಗಿಲಿಗೂ ಬಂದಂತೆ ಆಗುವುದು. ಮೊದಲು ನಗದಿದ್ದರೆ ಆಮೇಲೆ ಅಳು ಬರುತ್ತಿರಲಿಲ್ಲ.

ಇಂಥ ಕೂಟವು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ‘ಮೃಚ್ಛಕಟಿಕ’ವನ್ನು ಬಲ್ಲವರು ಚಾರುದತ್ತನ ಮಗ ರೋಹಸೇನನ ಮಣ್ಣಿನ ಬಂಡಿಯನ್ನು ನೆನೆಯುವರು. ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುವ ಬಾಲಕನನ್ನು ಸಮಾಧಾನಪಡಿಸಲು ವಸಂತಸೇನೆಯು ತನ್ನ ಒಡವೆಗಳನ್ನು ಬಿಚ್ಚಿ ಮಣ್ಣಿನ ಬಂಡಿಗೆ ತುಂಬುವಳು. ಮುಂದೆ ಅವೇ ಒಡವೆಗಳು ನ್ಯಾಯಸ್ಥಾನದಲ್ಲಿ ವಿದೂಷಕನ ಕಂಕುಳಿನಿಂದ ಜಾರಿಬಿದ್ದು, ನಿರಪರಾಧಿಯಾದ ಚಾರುದತ್ತನನ್ನು ಶೂಲದ ಬಳಿಗೆ ಒಯ್ಯುವ ಸಾಕ್ಷ್ಯವಾಗುವುವು. ಮಗುವಿನ ಆಟಿಗೆಯೇ ತಂದೆಯ ಮೇಲಿನ ಆರೋಪವಾಗುವ ಆ ಕೌಶಲವೂ, ಹರುಕು ಹೊದಿಕೆಯೇ ಅಯೋಗ್ಯತೆಯ ಗುರುತಾಗುವ ಈ ಕೌಶಲವೂ ಒಂದೇ ಜಾತಿಯವು.

ಚಾಪ್ಲಿನ್ನರಿಗೆ ಈ ವಸ್ತು ಪುಸ್ತಕದಿಂದ ಬಂದುದಲ್ಲ. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಏಳನೆಯ ವಯಸ್ಸಿನಲ್ಲಿಯೇ, ಅಂದರೆ 1896ರಲ್ಲಿ, ತಾಯಿ ಮತ್ತು ಅಣ್ಣನೊಡನೆ ಲ್ಯಾಂಬೆತ್ತಿನ ವರ್ಕ್‌ಹೌಸ್ ಎಂಬ ನಿರ್ಗತಿಕರ ಶಾಲೆಯನ್ನು ಸೇರಬೇಕಾಯಿತು. ಅಲ್ಲಿಂದ ಬಡಮಕ್ಕಳಿಗೆಂದು ಏರ್ಪಟ್ಟಿದ್ದ ಹ್ಯಾನ್‌ವೆಲ್ಲಿನ ಶಾಲೆಗೆ ತಾಯಿಯಿಂದ ಅಗಲಿಸಿ ಕಳುಹಿಸಿದರು. ಮುಂದೆ ತಾಯಿಗೆ ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಿದಳು. ಸರಕಾರದ ಬಂಡಿಯು ಮಗುವನ್ನು ತಾಯಿಯಿಂದ ಒಯ್ಯುವುದೆಂದರೇನೆಂಬುದು ಅವರಿಗೆ ಸ್ವಾನುಭವ. 1919ರ ಜುಲೈಯಲ್ಲಿ ಅವರ ಮೊದಲ ಮಗನು ಹುಟ್ಟಿ ಮೂರೇ ದಿವಸಗಳಲ್ಲಿ ತೀರಿಕೊಂಡನು. ಅದೇ ವರ್ಷ ಈ ಚಿತ್ರದ ಕೆಲಸ ಮೊದಲಾಯಿತು. ದುಃಖಪಟ್ಟವರೆಲ್ಲರೂ ಕಲಾವಿದರಾಗುವುದಿಲ್ಲವೆಂಬುದು ನಿಜ. ಆದರೆ ಬಡತನವನ್ನು ಹೊರಗಿನಿಂದ ನೋಡಿದವನು ಅದನ್ನು ಕೇವಲ ಗೋಳಾಗಿ ಬರೆಯುವನು; ಒಳಗೆ ಬಾಳಿದವನಿಗೆ ಮಾತ್ರ ಅದರೊಳಗಿನ ನಗೆಯೂ ಗೊತ್ತಿರುವುದು.

ಚಿತ್ರದಲ್ಲಿ ದೋಷಗಳೇ ಇಲ್ಲವೆಂದು ನಾವು ಹೇಳಹೊರಟಿಲ್ಲ. ಕೊನೆಯ ಭಾಗದಲ್ಲಿ ಒಂದು ಸ್ವಪ್ನದೃಶ್ಯವುಂಟು. ತಂದೆಮಕ್ಕಳು ರಾತ್ರಿ ತಂಗಿದ್ದ ಅಗ್ಗದ ವಸತಿಯ ಯಜಮಾನನು, ಹುಡುಗನನ್ನು ತಂದುಕೊಟ್ಟವರಿಗೆ ಸಾವಿರ ಡಾಲರ್ ಬಹುಮಾನವೆಂದು ಪತ್ರಿಕೆಯಲ್ಲಿ ಓದಿ, ನಿದ್ರೆಯಲ್ಲಿದ್ದ ಹುಡುಗನನ್ನು ಕದ್ದೊಯ್ಯುವನು. ಊರೆಲ್ಲ ಹುಡುಕಿ ಸೋತ ಅಲೆಮಾರಿಯು ತನ್ನ ಬಾಗಿಲಲ್ಲೇ ಕುಸಿದು ನಿದ್ರಿಸಿ, ತನ್ನ ಕೇರಿಯೇ ಸ್ವರ್ಗವಾಗಿ ಎಲ್ಲರಿಗೂ ರೆಕ್ಕೆ ಬಂದಂತೆ ಕನಸು ಕಾಣುವನು. ಈ ಕನಸು ಕಥೆಯ ಓಟವನ್ನು ತಡೆಯುವುದೆಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ಆ ಸ್ವರ್ಗದಲ್ಲಿಯೂ ಜಗಳ ಹುಟ್ಟುವುದು, ಅಲ್ಲಿಯೂ ಪೋಲೀಸಿನವನು ಗುಂಡು ಹಾರಿಸುವನು! ಆಮೇಲೆ ಹುಡುಗನ ತಾಯಿ, ಈಗ ಹೆಸರಾಂತ ನಟಿಯಾಗಿ ಐಶ್ವರ್ಯವಂತೆಯಾಗಿರುವವಳು, ಮಗನನ್ನು ಪಡೆದು, ಅಲೆಮಾರಿಯನ್ನೂ ಮನೆಗೆ ಕರೆಸಿಕೊಳ್ಳುವಳು. ಬಾಗಿಲು ಮುಚ್ಚುವುದು, ಚಿತ್ರ ಮುಗಿಯುವುದು. ಅವನು ಆ ಮನೆಯಲ್ಲಿ ಉಳಿದನೋ, ಒಂದು ಊಟ ಮಾಡಿ ಹಿಂದಿರುಗಿದನೋ, ಚಿತ್ರ ಹೇಳುವುದಿಲ್ಲ. ಸುಖಾಂತವನ್ನು ಕೊಟ್ಟೂ ಪೂರ್ತಿ ಕೊಡದಿರುವ ಈ ಸಂಯಮವನ್ನು ನಾವು ಮೆಚ್ಚುವೆವು.

ಚಿತ್ರದ ಹೊರಗೆ ನಡೆದ ಮತ್ತೊಂದು ಕಥೆಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. ಬಾಲಕನ ಪಾತ್ರವನ್ನು ವಹಿಸಿದವನು 1914ರಲ್ಲಿ ಹುಟ್ಟಿದ ಜಾಕಿ ಕೂಗನ್. ಬಂಡಿಯ ದೃಶ್ಯದಲ್ಲಿ ಹುಡುಗನು ಅಳಬೇಕಾಗಿತ್ತು. ಅಂದು ಅವನು ಉಲ್ಲಾಸದಲ್ಲಿದ್ದನು. ಆಗ ಅವನ ತಂದೆಯು, ಅಳದಿದ್ದರೆ ನಿಜವಾಗಿಯೂ ನಿರ್ಗತಿಕರ ಶಾಲೆಗೆ ಕಳುಹಿಸುವೆವೆಂದು ಹೆದರಿಸಿ ಅಳಿಸಿದನೆಂದು ಚಾಪ್ಲಿನ್ನರೇ ಬರೆದಿರುವರು. ಆಮೇಲೆ ಚಾಪ್ಲಿನ್ನರು ಸಂತೈಸಲು ಹೋದಾಗ ಹುಡುಗನು, ಅಪ್ಪ ತಮಾಷೆ ಮಾಡಿದನೆಂದು ನನಗೆ ಗೊತ್ತಿತ್ತು ಎಂದನಂತೆ. ಇದನ್ನು ಓದಿ ನಗಬೇಕೋ ಮರುಗಬೇಕೋ ವಾಚಕರೇ ನಿಶ್ಚಯಿಸಲಿ.

ಈ ಚಿತ್ರದಿಂದ ಕೂಗನ್ ಲೋಕವಿಖ್ಯಾತನಾದನು. ಬಾಲ್ಯದಲ್ಲಿ ಅವನು ಗಳಿಸಿದ ಹಣ 30ರಿಂದ 40 ಲಕ್ಷ ಡಾಲರುಗಳೆಂದು ಅಂದಾಜು. ಪ್ರಾಪ್ತವಯಸ್ಕನಾದ ಮೇಲೆ ನೋಡಿದರೆ, ತಾಯಿ ಮತ್ತು ಮಲತಂದೆಯ ವಶದಲ್ಲಿದ್ದ ಆ ಹಣದಲ್ಲಿ ಬಹುಭಾಗ ಉಳಿದಿರಲಿಲ್ಲ. ಅಪ್ರಾಪ್ತವಯಸ್ಕನ ಗಳಿಕೆ ತಾಯಿತಂದೆಗಳಿಗೆ ಸೇರಿದುದೆಂಬುದು ಅಂದಿನ ನ್ಯಾಯ. 1938ರಲ್ಲಿ ಅವನು ದಾವೆ ಹೂಡಿದನು. ಕಡೆಗೆ ಕೈಗೆ ಬಂದುದು ಸುಮಾರು 1,26,000 ಡಾಲರು ಮಾತ್ರ. ಇದರಿಂದ ಹುಟ್ಟಿದ ಲೋಕಾಭಿಪ್ರಾಯದ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಾಲನಟರ ಗಳಿಕೆಯನ್ನು ರಕ್ಷಿಸುವ ಕಾನೂನನ್ನು ಮಾಡಿತು; ಜನರು ಅದನ್ನು ಕೂಗನ್ ಕಾನೂನೆಂದೇ ಕರೆಯುವರು. ಆ ಮೊದಲ ಕಾನೂನಿನಲ್ಲಿ ಸಂದುಗಳು ಹಲವಿದ್ದುವು. 2000ದಿಂದ ಜಾರಿಗೆ ಬಂದ ತಿದ್ದುಪಾಟಿನಂತೆ, ಬಾಲನಟನ ಸಂಬಳದಲ್ಲಿ ನೂರಕ್ಕೆ 15 ಪಾಲನ್ನು ಅವನ ಹೆಸರಿನಲ್ಲಿಯೇ ಠೇವಣಿಯಿಡುವುದು ಕಡ್ಡಾಯವಾಯಿತು. ಪರದೆಯ ಮೇಲೆ ಕಾನೂನು ಬಡವನ ಮಗುವನ್ನು ರಕ್ಷಿಸುವೆನೆಂದು ಒಯ್ದಿತು. ಪರದೆಯ ಹೊರಗೆ ರಕ್ಷಣೆ ನಿಜವಾಗಿ ಬೇಕಾಗಿದ್ದ ಮಗುವಿಗೆ ಕಾನೂನೇ ಇರಲಿಲ್ಲ.

ಅನಾಥಾಲಯಗಳು ಬೇಡವೆಂದಾಗಲಿ, ಅಧಿಕಾರಿಗಳು ನಿಯಮವನ್ನು ಮೀರಬೇಕೆಂದಾಗಲಿ ನಮ್ಮ ವಾದವಲ್ಲ. ಕಿಟಕಿಯ ಗಾಜು ಒಡೆಸುವುದು ಮಗುವಿಗೆ ತಕ್ಕ ಶಿಕ್ಷಣವೆಂದು ಯಾರೂ ಹೇಳರು. ನಿಯಮವನ್ನು ನಡೆಸುವವನು ಆ ಕೋಣೆಗೆ ಕಾಲಿಟ್ಟಾಗ ತೂತಿನ ಕುರ್ಚಿಯನ್ನು ಮಾತ್ರ ಕಂಡನೋ, ಸಮನಾಗಿ ಹಂಚಿದ ರೊಟ್ಟಿಗಳನ್ನೂ ಕಂಡನೋ ಎಂಬುದೇ ಪ್ರಶ್ನೆ. ಎದುರಿಗಿರುವ ಬಡವನೊಡನೆ ಒಂದು ಮಾತು ನೇರವಾಗಿ ಆಡಿದ್ದರೆ ಆ ಅಧಿಕಾರಿಗೆ ಐದು ವರ್ಷಗಳ ಕಥೆ ತಿಳಿಯುತ್ತಿತ್ತು. ಕಡತದಲ್ಲಿ ‘ನಿರ್ಗತಿಕ’ ಎಂದು ಬರೆದ ಹೆಸರಿನ ಹಿಂದೆ ಒಬ್ಬ ಮನುಷ್ಯನಿರುವನೆಂಬುದನ್ನು ನೂರು ಸುತ್ತೋಲೆಗಳು ಕಲಿಸಲಾರವು. ಈ ಆರು ರೀಲುಗಳು ಕಲಿಸುವುವು.

1971ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಚಾಪ್ಲಿನ್ನರು ತಾಯಿಯ ಕೆಲವು ದೃಶ್ಯಗಳನ್ನು ತೆಗೆದು, ಸ್ವತಃ ಸಂಗೀತವನ್ನು ರಚಿಸಿ ಚಿತ್ರವನ್ನು ಮತ್ತೆ ಹೊರತಂದರು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ಅದು ಸೇರಿತು. ಮೂಕಚಿತ್ರವಾದುದರಿಂದ ಭಾಷೆಯ ತೊಡಕಿಲ್ಲ; ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಯಾರು ಬೇಕಾದರೂ ನೋಡಬಹುದು. ನಮ್ಮ ವಾಚಕರು ಹಾಗೆ ನೋಡಲೆಂದು ನಾವು ಮನಃಪೂರ್ವಕವಾಗಿ ಹೇಳುವೆವು. ನಗೆಗೆಂದು ಹೋಗಿ ಅಳುವುದು ವಂಚನೆಯೆಂದು ಹೇಳುವವರಿಗೆ ನಮ್ಮ ಉತ್ತರ ಇಷ್ಟೆ: ನಗಿಸಿದವನು ನಮ್ಮನ್ನು ವಂಚಿಸಲಿಲ್ಲ. ಯಾರನ್ನು ಕಂಡು ನಕ್ಕೆವೋ ಅವರು ಯಾರೆಂಬುದನ್ನು ನಮಗೆ ತಿಳಿಸಿದನು.